ಪ್ರಬಂಧದ ವಿಷಯವೂ ಅದರ ಪ್ರತಿಜ್ಞೆಯೂ
(ಶ್ರೀಮಠದ ಮಹೋತ್ಸವದ ಅಂಗವಾಗಿ ಕೂಡಿದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಇಂತಹ ಉತ್ಸವದ ಸಭೆಗಳಲ್ಲಿ ಶರಣರ ಮಹಿಮೆಯನ್ನು ಕುರಿತು ಮಾತಾಡುವದು ವಾಡಿಕೆ. ಆದರೆ ಸಾಹಿತ್ಯವಿಷಯಕವಾದ ಪ್ರಬಂಧವನ್ನು ಬರೆಯಹೊರಟ ವಿದ್ಯಾರ್ಥಿಯು ವಿಷಯವನ್ನು ಎಲ್ಲಿ ಹುಡುಕಬೇಕು, ದೊರೆತ ವಿಷಯದಿಂದ ಸಾಧಿಸತಕ್ಕ ಒಂದು ಮಾತನ್ನು ಹೇಗೆ ತೆಗೆಯಬೇಕು ಎಂಬುದನ್ನು ಹೇಳಬೇಕೆಂದು ಕಾರ್ಯಕರ್ತರು ನನಗೆ ಅಪ್ಪಣೆ ಮಾಡಿರುವರು. ಇದು ಶಾಲೆಯ ಮಾತು, ಮಠದ ಮಾತಲ್ಲವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂಬುದು ಮುಂದೆ ತಾನೇ ತಿಳಿಯುವದು.

ಪದವಿಯ ತರಗತಿಯಲ್ಲಿ ಓದುವ ಹುಡುಗನೊಬ್ಬನು ಅಧ್ಯಾಪಕರ ಬಳಿಗೆ ಬಂದು, "ಬಸವಣ್ಣನವರ ಮ್ಯಾಲ ಬರೀಬೇಕಂತ ಮಾಡೀನ್ರಿ" ಎನ್ನುವನು. "ಬಸವಣ್ಣನವರ ಮ್ಯಾಲ ಏನ್ ಬರೀತೀ ತಮ್ಮಾ?" ಎಂದು ಅವರು ಕೇಳಿದರೆ ಸುಮ್ಮನಾಗುವನು. ಇದು ಒಬ್ಬ ಹುಡುಗನ ಮಾತಲ್ಲ. ವರ್ಷವರ್ಷವೂ ನಡೆಯುವ ಸಂಗತಿ. ಸುಮ್ಮನಾದವನು ಹೋಗಿ ನಾಲ್ಕು ಪುಸ್ತಕಗಳನ್ನು ತರುವನು. ಒಂದರಿಂದ ಜನನ, ಇನ್ನೊಂದರಿಂದ ಕಲ್ಯಾಣದ ವೃತ್ತಾಂತ, ಮತ್ತೊಂದರಿಂದ ಕಾಯಕತತ್ತ್ವ, ಕೊನೆಗೆ ಯಾರೋ ಹಿರಿಯರು ಬರೆದ ಪ್ರಶಸ್ತಿವಾಕ್ಯ. ಇಷ್ಟನ್ನು ಕೂಡಿಸಿ ನಲವತ್ತು ಪುಟ ಮಾಡಿ ಒಪ್ಪಿಸುವನು. ಕೈಯಲ್ಲಿಯ ದೂರವಾಣಿಯೇ ಕೇಳಿದಷ್ಟು ಪುಟಗಳನ್ನು ಕೊಡುವ ಈ ದಿನಗಳಲ್ಲಿ ನಾಲ್ಕು ಪುಸ್ತಕ ತರುವ ಶ್ರಮವೂ ತಪ್ಪಿದೆ. ಆ ನಲವತ್ತು ಪುಟಗಳಲ್ಲಿ ಸುಳ್ಳು ಒಂದೂ ಇರಲಿಕ್ಕಿಲ್ಲ. ಆದರೆ ಅವನದೆಂಬ ಮಾತೂ ಒಂದಿರುವದಿಲ್ಲ. ಪರೀಕ್ಷಕರು ಅದಕ್ಕೆ ಅಂಕಗಳನ್ನು ಕೊಟ್ಟಾರು. ಆದರೆ ಆ ಹುಡುಗನು ಬಸವಣ್ಣನವರ ಒಂದು ವಚನವನ್ನಾದರೂ ತಾನಾಗಿ ಓದಲಿಲ್ಲವಲ್ಲ, ಆ ಹಾನಿಯನ್ನು ಯಾವ ಅಂಕವೂ ತುಂಬಿಕೊಡಲಾರದು.

ಇಲ್ಲಿ ಆಗಿರುವ ಗೊಂದಲವೇನೆಂದರೆ, ಅವನು ವಿಷಯವನ್ನೇ ಪ್ರತಿಜ್ಞೆಯೆಂದು ತಿಳಿದುಕೊಂಡಿರುವನು. ಪ್ರತಿಜ್ಞೆಯೆಂಬ ಮಾತನ್ನು ನಾನು ತರ್ಕಶಾಸ್ತ್ರದವರ ಅರ್ಥದಲ್ಲಿ ಬಳಸುವೆನು. ಅವರ ಹಳೆಯ ಉದಾಹರಣೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು: ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವದರಿಂದ. ಬಾದಾಮಿಯವರಿಗೆ ಬೆಟ್ಟವನ್ನು ತೋರಿಸಿ ಹೇಳಬೇಕಾಗಿಲ್ಲ. 'ಬೆಟ್ಟ' ಎಂದಷ್ಟೇ ಅಂದರೆ ಅದು ವಿಷಯ. ಅದನ್ನು ಯಾರೂ ಹೌದೆನ್ನಬೇಕಾಗಿಲ್ಲ, ಅಲ್ಲವೆನ್ನಬೇಕಾಗಿಲ್ಲ. 'ಬೆಟ್ಟದಲ್ಲಿ ಬೆಂಕಿಯಿದೆ' ಎಂದರೆ ಪ್ರತಿಜ್ಞೆಯಾಯಿತು, ಕೂಡಲೆ ಕೇಳಿದವನು "ಅದು ಹೇಗೆ?" ಎನ್ನುವನು. 'ಹೊಗೆ ಕಾಣುವದರಿಂದ' ಎಂಬುದು ಹೇತು. ಕೇಳಿದವನಿಂದ "ಅದು ಹೇಗೆ?" ಎಂಬ ಪ್ರಶ್ನೆಯನ್ನು ಹೊರಡಿಸದ ವಾಕ್ಯವು ಪ್ರತಿಜ್ಞೆಯಲ್ಲ. ಬಸವಣ್ಣನವರು ಮಹಾಪುರುಷರೆಂದರೆ ಈ ಸಭೆಯಲ್ಲಿ ಯಾರು ತಾನೆ "ಅದು ಹೇಗೆ?" ಎಂದು ಕೇಳುವರು? ಎಲ್ಲರೂ ಕೈಮುಗಿಯುವರು, ಅಷ್ಟೆ. ಕೈಮುಗಿಯುವದಕ್ಕೆ ಪ್ರಬಂಧ ಬೇಕಾಗಿಲ್ಲ. ಮೇಲಾಗಿ ಪ್ರತಿಜ್ಞೆಯೆಂಬ ಹೆಸರೂ ಒಳ್ಳೆಯದು. ಪ್ರತಿಜ್ಞೆ ಮಾಡಿದವನಿಗೆ ಅದನ್ನು ನೆರವೇರಿಸುವ ಹೊಣೆ ಬರುವದು.

ಹಾಗಾದರೆ ವಿಷಯದಿಂದ ಪ್ರತಿಜ್ಞೆಗೆ ಹೋಗುವ ದಾರಿ ಯಾವದು? ಮೀಮಾಂಸಕರು ಒಂದೊಂದು ವಿಚಾರಕ್ಕೂ ಐದು ಅಂಗಗಳನ್ನು ಹೇಳಿದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ವಿಷಯದ ತರುವಾಯ ಅವರು ಸಿದ್ಧಾಂತವನ್ನು ಇಡಲಿಲ್ಲ, ಸಂಶಯವನ್ನು ಇಟ್ಟರು. ನಮ್ಮ ವಿದ್ಯಾರ್ಥಿಗಳು ದಾಟಿಹೋಗುವ ಮೆಟ್ಟಿಲು ಅದೇ. ವಿಷಯವನ್ನು ಹಿಡಿದು ಓದುತ್ತ ಓದುತ್ತ ಒಂದು ಕಡೆಗೆ 'ಇದು ಹೀಗೇಕೆ?' ಎಂದು ಮನಸ್ಸು ತಡೆಯಬೇಕು. ತಡೆದ ಜಾಗವೇ ಪ್ರಬಂಧವು ಹುಟ್ಟುವ ಜಾಗ.

ಇಲ್ಲಿ ಭಕ್ತರಲ್ಲಿ ಕೆಲವರ ಮನಸ್ಸಿಗೆ ಒಂದು ಅಳುಕು ಬರುವದು ಸಹಜ. ಶರಣರ ವಚನಗಳ ವಿಷಯದಲ್ಲಿ ಸಂಶಯ ಪಡುವದೇ? ಶ್ರದ್ಧೆಯಿಂದ ಪಾರಾಯಣ ಮಾಡತಕ್ಕದ್ದನ್ನು ಪ್ರಶ್ನಿಸಬಹುದೇ? ಇದಕ್ಕೆ ನಾನು ಹೊಸಕಾಲದವರ ಉತ್ತರವನ್ನು ಕೊಡದೆ ನಮ್ಮ ಪೂರ್ವಿಕರ ನಡತೆಯನ್ನೇ ತೋರಿಸುವೆನು. ಶೂನ್ಯಸಂಪಾದನೆಯೆಂಬುದು ಮೊದಲಿನಿಂದ ಕೊನೆಯವರೆಗೆ ಪ್ರಶ್ನೋತ್ತರವೇ. ಅಲ್ಲಮಪ್ರಭುದೇವರು ಮುಕ್ತಾಯಕ್ಕನನ್ನು ಕೇಳುವರು, ಸಿದ್ಧರಾಮನನ್ನು ಕೇಳುವರು, ಅಕ್ಕಮಹಾದೇವಿಯವರನ್ನು ಕೇಳುವರು. ಯಾರೂ ಕೇಳಿಸಿಕೊಳ್ಳದೆ ಒಳಗೆ ಬರುವದಿಲ್ಲ. ಅಷ್ಟೇ ಅಲ್ಲ, ಆ ಗ್ರಂಥವನ್ನು ಒಬ್ಬರಲ್ಲ, ನಾಲ್ವರು ಕಟ್ಟಿದರು: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ. ಹಿಂದಿನವರು ಕಟ್ಟಿದ್ದು ಸಾಕೆಂದು ಮುಂದಿನವರು ಸುಮ್ಮನಿರಲಿಲ್ಲ. ಸಿದ್ಧರಾಮನ ದೀಕ್ಷೆಯ ಪ್ರಸಂಗದಲ್ಲಿ ಈ ಪಾಠಗಳು ಒಂದೇ ರೀತಿಯಾಗಿಲ್ಲವೆಂಬುದು ಓದಿದವರಿಗೆಲ್ಲ ಗೊತ್ತು. ಇವರ ಶ್ರದ್ಧೆಯಲ್ಲಿ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಪ್ರಸಂಗವು ಹೀಗಿರಬೇಕೋ ಹಾಗಿರಬೇಕೋ ಎಂಬ ಸಂಶಯವು ಅವರಿಗೆ ಬಂದಿತು, ಅದಕ್ಕೆ ತಮ್ಮ ಸಂಕಲನದಿಂದಲೇ ಉತ್ತರ ಕೊಟ್ಟರು. ನಾಲ್ಕು ಪಾಠಗಳಲ್ಲಿ ಆ ಒಂದೇ ಪ್ರಸಂಗವನ್ನು ಎದುರುಬದುರಿಗೆ ಇಟ್ಟು ನೋಡುವದು ಎಂ. ಎ. ವಿದ್ಯಾರ್ಥಿಗೆ ಒಂದು ವರ್ಷದ ಕೆಲಸ. 'ಶೂನ್ಯಸಂಪಾದನೆ: ಒಂದು ಅಧ್ಯಯನ' ಎಂಬುದು ಹತ್ತು ಜನ್ಮಕ್ಕೂ ಮುಗಿಯದ ಕೆಲಸ.

ಇನ್ನು ಸಂಶಯವು ಹೇಗೆ ಹುಟ್ಟುವದೆಂಬುದನ್ನು ನಮ್ಮ ಸೀಮೆಯ ಒಂದು ಬಂಡೆಗಲ್ಲಿನಿಂದಲೇ ತೋರಿಸಲು ಪ್ರಯತ್ನಿಸುವೆನು. ಬಾದಾಮಿಯ ಕೆರೆಯ ಮೇಲಣ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಅದರಲ್ಲಿ ಕಾಲವನ್ನು ಹೇಳಿಲ್ಲ. ಲಿಪಿಯನ್ನು ನೋಡಿ ಸುಮಾರು ಕ್ರಿ. ಶ. 700ರದೆಂದು ವಿದ್ವಾಂಸರು ಎಣಿಸಿರುವರು. ಹತ್ತೇ ಸಾಲುಗಳ ಬರಹ. ಮೊದಲಿಗೆ ಅವನ ಗುಣವಾಚಕಗಳು, ಆಮೇಲೆ ಒಂದು ಸಂಸ್ಕೃತ ಶ್ಲೋಕ, ಆಮೇಲೆ ಮೂರು ತ್ರಿಪದಿಗಳು. ಕನ್ನಡದಲ್ಲಿ ನಮಗೆ ದೊರೆತ ತ್ರಿಪದಿಗಳಲ್ಲಿ ಇವೇ ಅತ್ಯಂತ ಹಳೆಯವೆಂಬ ಖ್ಯಾತಿಯಿಂದ ಪ್ರತಿಯೊಂದು ಸಾಹಿತ್ಯಚರಿತ್ರೆಯಲ್ಲಿಯೂ ಇವು ಉಲ್ಲೇಖಗೊಂಡಿರುವವು. 'ಕಪ್ಪೆ ಅರಭಟ್ಟನ ಶಾಸನದ ಮಹತ್ವ' ಎಂದು ಪ್ರಬಂಧ ಬರೆದರೆ ಆ ಚರಿತ್ರೆಗಳಲ್ಲಿದ್ದುದನ್ನೇ ಬರೆಯಬೇಕಾಗುವದು. ಆದಕಾರಣ ಚರಿತ್ರೆಗಳನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು ಆ ಮೂರು ತ್ರಿಪದಿಗಳನ್ನು ಬಾಯಿಪಾಠ ಮಾಡಿರಿ. ಒಂದು ಗಳಿಗೆಯ ಕೆಲಸ. ಹತ್ತು ಸಲ ಗಟ್ಟಿಯಾಗಿ ಹೇಳಿರಿ.

ಹೇಳುತ್ತ ಹೋದಂತೆ ಒಂದು ಸಂಗತಿ ಕಿವಿಗೆ ತಾಕುವದು. ಅರಭಟ್ಟನು ಕಲಿಯುಗಕ್ಕೆ ವಿಪರೀತನಾದವನೆಂಬುದು ಅವನ ಬಿರುದು. ಆ 'ಕಲಿ', 'ವಿಪರೀತ' ಎಂಬ ಮಾತುಗಳು ಮೂರು ತ್ರಿಪದಿಗಳಲ್ಲಿಯೂ ಬರುವವು. ಮೂರರಲ್ಲಿಯೂ ಎರಡನೆಯ ಸಾಲಿನಲ್ಲಿಯೇ ಬರುವವು. ಮತ್ತು 'ಕಲಿಗೆ' ಎಂಬ ಪದವು ಮೂರು ಸಲವೂ ಆ ಸಾಲಿನ ಎರಡನೆಯ ಗಣದಲ್ಲಿಯೇ ಕುಳಿತಿರುವದು. ಇದು ಹೀಗೇಕೆ? ಇದೇ ನಿಮ್ಮ ಸಂಶಯ. ಇದಕ್ಕಾಗಿ ದೊಡ್ಡ ಗ್ರಂಥಾಲಯ ಬೇಕಾಗಲಿಲ್ಲ, ಕಿವಿಯೊಂದಿದ್ದರೆ ಸಾಕಾಯಿತು.

ಈಗ ಮನೆಗೆ ಹೋಗಿ ನಿಮ್ಮ ಅಜ್ಜಿಯರು ಬೀಸುವಾಗ ಹಾಡಿದ ಪದಗಳನ್ನು ನೆನೆಯಿರಿ. ಅವೂ ತ್ರಿಪದಿಗಳೇ. ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ ಸಂಗ್ರಹವು ನಮ್ಮ ನೆರೆಯ ಸೀಮೆಯದೇ. ತ್ರಿಪದಿಯನ್ನು ಹಾಡುವವರು ಮೂರು ಸಾಲನ್ನು ಮೂರೇ ಸಾಲಾಗಿ ಹಾಡುವದಿಲ್ಲ. ಎರಡನೆಯ ಸಾಲನ್ನು, ಇಲ್ಲವೆ ಅದರ ಒಂದು ಭಾಗವನ್ನು ಮರಳಿ ಎತ್ತಿಕೊಂಡು ಮೂರನೆಯ ಸಾಲಿಗೆ ಕೂಡಿಸುವರು. ಅಂದರೆ ಹಾಡಿನಲ್ಲಿ ಎರಡು ಸಲ ಕೇಳಿಸುವ ಸಾಲು ಎರಡನೆಯದು. ಬಂಡೆಯ ಮೇಲಿನ ಕವಿ ತನ್ನ ನಾಯಕನ ಬಿರುದನ್ನು ಇಟ್ಟದ್ದೂ ಅದೇ ಸಾಲಿನಲ್ಲಿ. ಈಗ ಒಂದು ವಾಕ್ಯ ಕಟ್ಟಬಹುದು: 'ಕಪ್ಪೆ ಅರಭಟ್ಟನ ತ್ರಿಪದಿಗಳು ಕಲ್ಲಿಗಾಗಿ ಬರೆದವಲ್ಲ, ಹಾಡುವದಕ್ಕಾಗಿ ಕಟ್ಟಿದವು, ನಾಯಕನ ಬಿರುದು ಮರಳಿ ಹಾಡುವ ಸಾಲಿನಲ್ಲಿಯೇ ಮೂರು ಸಲವೂ ಬಂದಿರುವದರಿಂದ.' ಕೇಳಿದವನು "ಅದು ಹೇಗೆ?" ಎನ್ನುವನು. ಪ್ರತಿಜ್ಞೆಯೂ ಆಯಿತು, ಹೇತುವೂ ಆಯಿತು.

ಆದರೆ ಇಷ್ಟಕ್ಕೆ ಲೇಖನಿಯನ್ನು ಎತ್ತಬೇಡಿರಿ. ಪೂರ್ವಪಕ್ಷವನ್ನು ಕೇಳಿರಿ, ಅದೂ ನಿಮ್ಮ ಬಾಯಿಂದಲೇ. ಛಂದಸ್ಸನ್ನು ಬಲ್ಲವನೊಬ್ಬನು ಎದ್ದು ಹೀಗೆ ಹೇಳಬಹುದು: "ತ್ರಿಪದಿಗೆ ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಎರಡನೆಯ ಸಾಲಿನ ಎರಡನೆಯ ಗಣವೆಂದರೆ ಆರನೆಯದು. ಅಲ್ಲಿ ಚಿಕ್ಕ ಗಣ ಬೇಕು; 'ಕಲಿಗೆ' ಎಂಬ ಮೂರು ಲಘುಗಳ ಪದ ಅಲ್ಲಿಗೆ ಸರಿಯಾಗಿ ಹೊಂದುವದು. ಪದವನ್ನು ಅಲ್ಲಿಗೆ ಎಳೆದದ್ದು ಹಾಡಲ್ಲ, ಛಂದಸ್ಸು." ಒಳ್ಳೆಯ ಆಕ್ಷೇಪಣೆ. ಇದನ್ನು ಮುಚ್ಚಿಟ್ಟು ಬರೆದ ಪ್ರಬಂಧಕ್ಕೆ ಬೆಲೆಯಿಲ್ಲ. ಉತ್ತರವನ್ನು ಹುಡುಕಿರಿ: ಬ್ರಹ್ಮಗಣವು ಹತ್ತನೆಯ ಸ್ಥಾನದಲ್ಲಿಯೂ ಇದೆಯಲ್ಲ, ಅಂದರೆ ಮೂರನೆಯ ಸಾಲಿನಲ್ಲಿ, ಛಂದಸ್ಸೊಂದೇ ಕಾರಣವಾಗಿದ್ದರೆ ಮೂರರಲ್ಲಿ ಒಂದು ಸಲವಾದರೂ ಕವಿ ಆ ಪದವನ್ನು ಅಲ್ಲಿ ಇಡಬಹುದಾಗಿತ್ತು. ಇಡಲಿಲ್ಲ. ಆದರೂ ಮೂರೇ ಪದ್ಯಗಳಿಂದ ದೊಡ್ಡ ಮಾತು ಹೇಳುವದು ಸಾಹಸವೇ. ಆದಕಾರಣ ತರುವಾಯದ ಶಾಸನಗಳ ತ್ರಿಪದಿಗಳನ್ನೂ, ಸರ್ವಜ್ಞನವನ್ನೂ, ಗರತಿಯರ ಹಾಡುಗಳನ್ನೂ ತೆಗೆದು, ಮುಖ್ಯವಾದ ಹೆಸರು ಯಾವ ಸಾಲಿನಲ್ಲಿ ಬರುವದೆಂದು ನೋಡಿರಿ. ನೋಡಿದ ಮೇಲೆ ನಿಮ್ಮ ಪ್ರತಿಜ್ಞೆ ನಿಲ್ಲಬಹುದು, ಸಣ್ಣದಾಗಬಹುದು, ಬೀಳಲೂಬಹುದು. ಬಿದ್ದರೆ ಬಿದ್ದಿತೆಂದು ಬರೆಯಿರಿ, ಅದೂ ಪ್ರಬಂಧವೇ. ನನಗಂತೂ ಅದು ನಿಲ್ಲುವದೆಂದು ತೋರುವದು, ಆದರೆ ಎಣಿಸತಕ್ಕವರು ನೀವು.

ಇಷ್ಟು ಸಣ್ಣದನ್ನು ಹಿಡಿದರೆ ದೊಡ್ಡ ಕೆಲಸ ಹೇಗಾದೀತೆಂದು ಕೇಳುವವರಿರುವರು. ಅವರಿಗೆ ಫ. ಗು. ಹಳಕಟ್ಟಿಯವರ ಉದಾಹರಣೆಯನ್ನು ಹೇಳುವೆನು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದ ಓಲೆಯ ಕಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಹೊರಡಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ತೊಡಗಿದರು. ಮುದ್ರಣಾಲಯಕ್ಕಾಗಿ ಮನೆಯನ್ನು ಮಾರಿದರೆಂಬುದು ಎಲ್ಲರೂ ಬಲ್ಲ ಮಾತು. ಅವರ ತ್ಯಾಗವನ್ನು ಎಲ್ಲರೂ ಹೊಗಳುವರು. ಆ ಪುಸ್ತಕದ ಹೆಸರನ್ನು ಮಾತ್ರ ನಿಂತು ಓದುವವರು ಕಡಿಮೆ. ವಚನಗಳೆಂದರೆ ಪಾರಾಯಣಕ್ಕೆ ಒದಗುವ ಬಿಡಿ ನುಡಿಗಳೆಂದು ತಿಳಿದಿದ್ದವರ ಮುಂದೆ ಅವರು 'ಶಾಸ್ತ್ರ'ವೆಂಬ ಪದವನ್ನು ಇಟ್ಟರು. ವಿಷಯಕ್ಕೆ ತಕ್ಕಂತೆ ಅವುಗಳನ್ನು ವಿಂಗಡಿಸಿ, ಇವುಗಳಲ್ಲಿ ಒಂದು ಕ್ರಮವಿದೆ, ವಿಚಾರದ ಒಂದು ಕಟ್ಟು ಇದೆ ಎಂದು ತೋರಿಸಹೊರಟರು. ಹೆಸರಿನಲ್ಲಿಯೇ ಪ್ರತಿಜ್ಞೆಯಿದೆ. ಅದನ್ನು ಒಪ್ಪದವರು ಆಗಲೂ ಇರಬಹುದು, ಈಗಲೂ ಇರುವರು. ಅದು ಕವಿತೆಯೋ ಶಾಸ್ತ್ರವೋ ಎಂಬ ವಾದವು ಇನ್ನೂ ನಿಂತಿಲ್ಲ. ನೂರು ವರ್ಷ ಕಳೆದರೂ ಜನರು ವಾದಿಸುವಂತಹ ಮಾತನ್ನು ಮೂರು ಪದಗಳ ಹೆಸರಿನಲ್ಲಿ ಇಡುವದು ಸಾಮಾನ್ಯವಲ್ಲ. ಹಾಗೆಯೇ ಚಿದಾನಂದಮೂರ್ತಿಯವರು. ಅವರಿಗಿಂತ ಮೊದಲು ಶಾಸನಗಳನ್ನು ಬಹುಮಟ್ಟಿಗೆ ಅರಸರ ವಂಶಾವಳಿಗಾಗಿ ಓದುತ್ತಿದ್ದರು. ಸಾಮಾನ್ಯ ಜನರ ಬಾಳು ಇವುಗಳಲ್ಲಿ ಎಲ್ಲಿದೆಯೆಂದು ಅವರು ಕೇಳಿದರು. ಆ ಪ್ರಶ್ನೆಯಿಂದ ಬಂದ ಮಹಾಪ್ರಬಂಧವೇ 1966ರಲ್ಲಿ ಅಚ್ಚಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. ಶಾಸನಗಳು ಅವೇ ಇದ್ದವು, ಕೇಳಿದ ಪ್ರಶ್ನೆ ಬೇರೆಯಾಯಿತು.

ಇನ್ನು ನಿಮ್ಮ ನಿಮ್ಮ ಊರುಗಳ ಕಡೆಗೆ ಬರುವೆನು. ಇಳಕಲ್ಲಿನ ನೇಕಾರರ ಮನೆಯ ಮಕ್ಕಳು ಇಲ್ಲಿರುವರು. ಕುಣಿಮಗ್ಗದ ಸಪ್ಪಳದಲ್ಲಿಯೇ ಅಕ್ಷರ ಕಲಿತವರಿಗೆ ದೊರೆತ ಒಂದು ಭಾಗ್ಯವನ್ನು ವಿಶ್ವವಿದ್ಯಾಲಯದ ದೊಡ್ಡ ಪಂಡಿತರೂ ಪಡೆದಿಲ್ಲ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿ ಮಗ್ಗದ ಪರಿಭಾಷೆಯೇ ತುಂಬಿದ ವಚನವೊಂದು ಪ್ರಸಿದ್ಧವಾಗಿದೆ. ನಿಘಂಟನ್ನು ತೆರೆದು ಅರ್ಥ ಮಾಡಿದವರ ಟಿಪ್ಪಣಿಗಳನ್ನು ಓದಿದರೆ, ಅವರು ಮಗ್ಗವನ್ನು ದೂರದಿಂದ ನೋಡಿದವರೆಂದು ನಿಮಗೆ ಕೂಡಲೆ ತಿಳಿಯುವದು. ಆ ವಚನವನ್ನು ನಿಮ್ಮ ತಂದೆಯವರಿಗೆ ಓದಿ ಹೇಳಿರಿ. ಯಾವ ಕೆಲಸ ಮೊದಲು, ಯಾವದು ಆಮೇಲೆ, ವಚನದಲ್ಲಿಯ ಅನುಕ್ರಮ ಮಗ್ಗದ ಅನುಕ್ರಮವೇ ಅಹುದೋ ಅಲ್ಲವೋ ಎಂದು ಕೇಳಿರಿ. ಅಲ್ಲವೆಂದರೆ ಇನ್ನೂ ಒಳ್ಳೆಯದಾಯಿತು: ಕಸಬನ್ನು ಬಲ್ಲವರು ಅನುಕ್ರಮವನ್ನು ಏಕೆ ಬದಲಿಸಿದರು? ಇದರೊಡನೆ ಇನ್ನೊಂದು. ದಾಸಿಮಯ್ಯನವರನ್ನು ನಾವು ನೇಕಾರರೆಂದು ಸ್ಮರಿಸುವೆವು. ಆದರೆ ಅವರ ವಚನಗಳಲ್ಲಿ ಮಗ್ಗವು ಎಷ್ಟು ಸಲ ಬರುವದು, ಹೊಲವೂ ಸಂಸಾರವೂ ಎಷ್ಟು ಸಲ ಬರುವವು? ಒಟ್ಟು ವಚನಗಳು ಇನ್ನೂರನ್ನು ಮೀರುವದಿಲ್ಲ, ಒಂದು ವಾರದಲ್ಲಿ ಎಣಿಸಬಹುದು.

ಇಳಕಲ್ಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುವೆನು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವದು ಇಳಕಲ್ಲು ಸೀರೆಯ ವಿಶೇಷ. ಪ್ರಬಂಧಗಳಲ್ಲಿ ಉದಾಹರಣೆಗಳೇ ಒಡಲು, ನಿರ್ಣಯವೇ ಸೆರಗು. ಅನೇಕ ಪ್ರಬಂಧಗಳಲ್ಲಿ ಒಡಲೂ ಚೆನ್ನಾಗಿರುವದು, ಸೆರಗೂ ಕೆಂಪಗೆ ಹೊಳೆಯುವದು. ನಡುವೆ ಕೊಂಡಿಯೇ ಇರುವದಿಲ್ಲ. ಎತ್ತಿದರೆ ಎರಡು ತುಂಡು.

ಹುನಗುಂದ ಸೀಮೆಯವರಿಗೆ ಕೂಡಲಸಂಗಮವಿದೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಆ ಸ್ಥಳದ ದೈವವೇ ಬಸವಣ್ಣನವರ ಅಂಕಿತವೆಂಬುದು ಮಕ್ಕಳಿಗೂ ಗೊತ್ತು. ಮೊದಲು ಹೇಳಿದ ಆ ಹುಡುಗನು ಬಂದು ನನ್ನನ್ನು ಕೇಳಿದರೆ, ಸಾವಿರಕ್ಕೂ ಮಿಕ್ಕ ವಚನಗಳನ್ನು ಬಿಟ್ಟು ಪ್ರತಿ ವಚನದ ಆ ಒಂದು ಪದವನ್ನೇ ನೋಡೆಂದು ಹೇಳುವೆನು. ಅದು ಯಾವ ವಿಭಕ್ತಿಯಲ್ಲಿದೆ? ಕೆಲವು ವಚನಗಳಲ್ಲಿ ದೇವನನ್ನು ಎದುರಿಗೆ ಕರೆಯುವರು, ಅದು ಸಂಬೋಧನೆ. ಕೆಲವುಗಳಲ್ಲಿ ದೇವನು ಹೀಗೆ ಮಾಡುವನು, ಹೀಗೆ ಒಲಿಯುವನು ಎಂದು ಬೇರೆಯವರಿಗೆ ಹೇಳುವರು. ತನ್ನನ್ನು ತಾನು ಹಳಿದುಕೊಳ್ಳುವಾಗ ಯಾವದು, ಲೋಕದ ಡಂಭವನ್ನು ಹಳಿಯುವಾಗ ಯಾವದು? ಭಕ್ತನು ಯಾರ ಕಡೆಗೆ ಮುಖ ಮಾಡಿ ನಿಂತು ಮಾತಾಡುತ್ತಿರುವನೆಂಬುದು ಆ ಒಂದು ಪ್ರತ್ಯಯದಿಂದ ತಿಳಿಯುವದು. ಅಂಕಿತವು ಬರಿಯ ರುಜುವೋ, ವಾಕ್ಯದ ಜೀವವೋ? ಎಣಿಸಿದ ಮೇಲೆ ಬರುವ ಉತ್ತರ ಯಾವದೇ ಆಗಿರಲಿ, ಅದು ಅವನದಾಗಿರುವದು. 1993ರಲ್ಲಿ ಸರಕಾರದವರು ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರಡಿಸಿರುವದರಿಂದ ಈ ಕೆಲಸಕ್ಕೆ ಊರೂರು ತಿರುಗಬೇಕಾಗಿಲ್ಲ. ಪಾಠಾಂತರಗಳಿಗಾಗಿ ಮಾತ್ರ ಓಲೆಯ ಕಟ್ಟುಗಳನ್ನು ನೋಡಲೇಬೇಕು. ನಕಲು ಮಾಡುವವರ ಕೈಯಲ್ಲಿ ಪ್ರತ್ಯಯವು ಮೊದಲು ಕೆಡುವದು.

ಅದೇ ಸೀಮೆಯ ಐಹೊಳೆಯ ಮೇಗುತಿಯಲ್ಲಿ ಶಕ 556ರ, ಅಂದರೆ ಕ್ರಿ. ಶ. 634ರ ರವಿಕೀರ್ತಿಯ ಪ್ರಶಸ್ತಿಯಿದೆ. ಕಾಳಿದಾಸ ಭಾರವಿಗಳ ಕೀರ್ತಿಗೆ ತಾನು ಸಮನೆಂದು ಅವನು ಹೇಳಿಕೊಂಡಿರುವನು. ಇತಿಹಾಸದವರು ಪುಲಿಕೇಶಿಯ ದಿಗ್ವಿಜಯವನ್ನು ತೆಗೆದುಕೊಂಡರು, ಸಾಹಿತ್ಯಚರಿತ್ರೆಯವರು ಕಾಳಿದಾಸನ ಕಾಲನಿರ್ಣಯಕ್ಕೆ ಅದನ್ನು ಸಾಕ್ಷಿಯಾಗಿ ತೆಗೆದುಕೊಂಡರು. ಆ ಕವಿಯ ಜಂಬ ಸಲ್ಲುವದೋ ಇಲ್ಲವೋ ಎಂಬುದನ್ನು ನೋಡುವ ಕೆಲಸ ಕಾವ್ಯವನ್ನು ಬಲ್ಲವರದು. ಆದರೆ ಸಂಸ್ಕೃತವಿಲ್ಲದವನು ಇದಕ್ಕೆ ಕೈಹಾಕಬಾರದು. ಅನುವಾದವನ್ನು ಓದಿ ಶೈಲಿಯನ್ನು ಕುರಿತು ಬರೆಯುವದು ಪರರ ಊಟದ ರುಚಿಯನ್ನು ಹೇಳಿದಂತೆ.

ಬಾಗಲಕೋಟೆಯ ವಿದ್ಯಾರ್ಥಿಗಳ ಮುಂದಿರುವ ಕೆಲಸಕ್ಕೆ ಮಾತ್ರ ಅವಸರವಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಪೇಟೆಯ ಭಾಗಗಳೂ ಸುತ್ತಣ ಹಳ್ಳಿಗಳೂ ಮುಳುಗಿ, ಜನರು ನವನಗರಕ್ಕೂ ಪುನರ್ವಸತಿಯ ಊರುಗಳಿಗೂ ಬಂದು ನೆಲೆಸಿರುವರು. ಆ ಊರುಗಳಿಂದ ಬಂದ ಮುದುಕಿಯರ ಬಾಯಲ್ಲಿ ಹಾಡುಗಳಿವೆ. ಹಾಡಿನಲ್ಲಿ ಊರಿನ ಹೆಸರು, ಹೊಳೆಯ ದಂಡೆ, ಹೊಲದ ಬದು, ಗುಡಿಯ ಹೆಸರು ಇರುವದು ಸಹಜ. ಊರೇ ನೀರಿನ ಕೆಳಗೆ ಹೋದ ಮೇಲೆ ಹಾಡುವವರು ಆ ಹೆಸರನ್ನು ಹಾಗೆಯೇ ಉಳಿಸಿಕೊಂಡಿರುವರೋ, ಹೊಸ ಊರಿನ ಹೆಸರನ್ನು ಇಟ್ಟಿರುವರೋ, ಆ ನುಡಿಯನ್ನೇ ಬಿಟ್ಟಿರುವರೋ? ಇದು ಪುಸ್ತಕದಲ್ಲಿ ಸಿಕ್ಕುವ ವಿಷಯವಲ್ಲ. ಓಲೆಯ ಕಟ್ಟುಗಳು ಹುಳ ತಿನ್ನದಿದ್ದರೆ ಇನ್ನೂ ನೂರು ವರ್ಷ ಕಾಯ್ದಾವು. ಎಂಬತ್ತೈದು ವರ್ಷದ ತಾಯಿಯವರು ನಿಮ್ಮ ಪರೀಕ್ಷೆಯ ವೇಳಾಪತ್ರಿಕೆಗಾಗಿ ಕಾಯಲಾರರು. ಹೋಗುವಾಗ ಕೈಯಲ್ಲಿ ಪ್ರಶ್ನೆಯೊಂದು ಇರಲಿ. ಸುಮ್ಮನೆ "ಹಾಡು ಹೇಳಬೇ ಎವ್ವಾ" ಎಂದರೆ ಅವರು ನಾಲ್ಕು ಹಾಡಿ ಚಹಾ ಕೊಟ್ಟು ಕಳಿಸುವರು, "ನಿಮ್ಮೂರಾಗ ಈ ನುಡಿ ಹೆಂಗ ಹಾಡ್ತಿದ್ರಿ?" ಎಂದು ಕೇಳಿದರೆ ಸಂಜೆಯವರೆಗೆ ಬಿಡುವದಿಲ್ಲ.

ಕಡೆಗೆ ಕೆಲವು ರೂಢಿಯ ಮಾತುಗಳು. ವಿಷಯವನ್ನು ಆರಿಸಿದ ದಿನ ಶೀರ್ಷಿಕೆಯನ್ನು ಬರೆಯಬೇಡಿರಿ. ಶೀರ್ಷಿಕೆಯು ಕೊನೆಗೆ ಬರಲಿ. ಮೂಲವನ್ನು ಎರಡು ಸಲ ಓದುವ ಮೊದಲು ಮತ್ತೊಬ್ಬರ ವಿಮರ್ಶೆಯನ್ನು ತೆರೆಯಬೇಡಿರಿ. ನಿಮ್ಮ ಪ್ರತಿಜ್ಞೆಯನ್ನು ಒಂದೇ ವಾಕ್ಯದಲ್ಲಿ, ಪೂರ್ಣಕ್ರಿಯಾಪದವಿರುವಂತೆ, ಕಾಗದದ ಮೇಲೆ ಬರೆಯಿರಿ. ಕ್ರಿಯಾಪದವಿಲ್ಲದ ವಾಕ್ಯವಾದರೆ ನೀವಿನ್ನೂ ಬೆಟ್ಟದ ಹೆಸರನ್ನಷ್ಟೇ ಹೇಳಿರುವಿರೆಂದು ತಿಳಿಯಿರಿ. ಆ ಕಾಗದವನ್ನು ನಿಮ್ಮ ಗೆಳೆಯನಿಗೆ ತೋರಿಸಿರಿ. ಅವನು "ಇದು ಎಲ್ಲರಿಗೂ ಗೊತ್ತಿದ್ದದ್ದೇ" ಎಂದರೆ ಮತ್ತೆ ಮೂಲಕ್ಕೆ ಹೋಗಿರಿ; "ಇದು ಸುಳ್ಳು" ಎಂದರೆ ಸಂತೋಷಪಟ್ಟು ಕುಳಿತು ಬರೆಯಲು ತೊಡಗಿರಿ.

ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಓಲೆಯ ಕಟ್ಟುಗಳನ್ನು ಅರಿವೆಯಲ್ಲಿ ಸುತ್ತಿ ಪೂಜೆಗೆ ಇಟ್ಟಿರುವವರಲ್ಲಿ ನನ್ನದೊಂದು ಅರಿಕೆಯಿದೆ. ಪೂಜೆ ನಡೆಯಲಿ, ವಿದ್ಯಾರ್ಥಿಯೊಬ್ಬನು ಕೈಕಾಲು ತೊಳೆದುಕೊಂಡು ಬಂದು ಕೇಳಿದರೆ ಒಂದು ಮಧ್ಯಾಹ್ನದ ಮಟ್ಟಿಗಾದರೂ ಕಟ್ಟನ್ನು ಬಿಚ್ಚಿಕೊಡಿರಿ. ಅವನು ಯಾವ ಪ್ರಶ್ನೆಯನ್ನು ಹಿಡಿದುಕೊಂಡು ಬಂದಿರುವನೆಂದು ಮೊದಲು ಕೇಳಿ, ಆಮೇಲೆ ಬಿಚ್ಚಿರಿ.